ಮೇಜರ್ ಸಾಹೇಬರು ಕುಡಿದ ಪಾನಕ

ಕುಡಿಯದ ಮನುಷ್ಯ ಬಾರ್‌ಮನ್ ಆಗಬಹುದೇ? ಧಾರಾಳವಾಗಿ. ನನ್ನ ಸ್ನೇಹಿತ ರಾಚಪ್ಪ ಹನ್ನೆರಡು ವರ್ಷದಿಂದ ಆಗಿದ್ದಾನೆ.

ಚಾಮರಾಜಪೇಟೆಯ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಗುಮಾಸ್ತನಾದೆ, ಅವನು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಕ್ಲಬ್ಬಿನಲ್ಲಿ ಗ್ಲಾಸು ತುಂಬುವವನಾದ. ಬೆಳಗ್ಗೆ ವಿಭೂತಿ, ಲಿಂಗಪೂಜೆ. ಸಂಜೆ ವಿಸ್ಕಿ. (ಸುರಿಯೋದು ಮಾತ್ರ, ಸ್ವಾಮಿ. ಇವತ್ತಿನವರೆಗೆ ಒಂದು ತೊಟ್ಟು ನಾಲಿಗೆಗೆ ಸೋಕಿಸಿಲ್ಲ.)

ಹೋದ ಮಂಗಳವಾರ ಮುಖ ಹುಳ್ಳಗೆ ಮಾಡಿಕೊಂಡು ಬಸವನಗುಡಿಗೆ, ನಮ್ಮ ಮನೆಗೆ ಬಂದ.

"ಕೆಲಸ ಹೋಗತ್ತೆ ಕಣೋ."

ಆದದ್ದಿಷ್ಟು. ವಿಸ್ಕಿ ಸೌರ್ ಅಂತ ಸಾಹೇಬರ ಒಂದು ಪಾನೀಯ. ವಿಸ್ಕಿ, ನಿಂಬೆರಸ, ಸಕ್ಕರೆ. ಈ ರೇಷನ್ ಕಾಲದಲ್ಲಿ ಸಕ್ಕರೆ ಎಲ್ಲಿದೆ? ನಮ್ಮ ಕಾಫಿಗೇ ಇಲ್ಲ, ಕ್ಲಬ್ಬಿಗೂ ಇಲ್ಲ. ರಾಚಪ್ಪ ತಲೆ ಓಡಿಸಿ ಬೆಲ್ಲ ಕಾಯಿಸಿ ಹಾಕಿದ. ಹೊಸ ಸೆಕ್ರೆಟರಿ ಮೇಜರ್ ಸಾಹೇಬರು ಒಂದು ಗುಟುಕು ಕುಡಿದು, "ಇದೇನು, ಕೆಮ್ಮಿನ ಔಷಧಿಯಾ?" ಅಂದರಂತೆ. ಶನಿವಾರ ಅರವತ್ತು ಮೆಂಬರುಗಳ ಡಿನ್ನರ್. ಅವತ್ತೂ ಹೀಗೇ ಆದರೆ ಬೊಂಬಾಯಿಯಿಂದ ಬೇರೆ ಬಾರ್‌ಮನ್ ಬರುತ್ತಾನೆ.

ನಾನು ಯೋಚಿಸಿದೆ. ವಿಸ್ಕಿ ತೆಗೆದುಬಿಟ್ಟರೆ ಉಳಿಯೋದೇನು? ನಿಂಬೆ, ಬೆಲ್ಲ, ನೀರು. ಅಯ್ಯೋ ದೇವರೇ, ಇದು ನಮ್ಮ ರಾಮನವಮಿ ಪಾನಕ ಅಲ್ಲವೇ!

ಪಾನಕ ಅಂದಮೇಲೆ ನಮ್ಮ ಸೋದರತ್ತೆ ವೆಂಕಮ್ಮ. ರಾಮನವಮಿಗೆ ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಪಾನಕ ಹಂಚುತ್ತಾರೆ. ಜನ ಸಾಲು ನಿಲ್ಲೋದು ಮಾತ್ರ ಅತ್ತೆಯ ಮನೆ ಜಗುಲಿ ಮುಂದೆ. ರಾಚಪ್ಪನನ್ನು ಎಳೆದುಕೊಂಡು ಅಲ್ಲಿಗೇ ಹೋದೆ.

"ಎಷ್ಟು ಜನಕ್ಕಪ್ಪಾ?" ಅಂದರು ಅತ್ತೆ.

"ಅರವತ್ತು ಜನ, ಅಮ್ಮಾ. ಶನಿವಾರ, ಕ್ಲಬ್ಬಿನಲ್ಲಿ."

"ಶನಿವಾರ ಅಂದ್ರೆ ಆಂಜನೇಯನ ಸೇವೆ," ಅಂತ ಅತ್ತೆ ತೀರ್ಮಾನಿಸಿಯೇ ಬಿಟ್ಟರು. (ಅವರ ಲೆಕ್ಕದಲ್ಲಿ ಕ್ಲಬ್ಬು ಅಂದರೆ ಇಂಗ್ಲಿಷ್ ಬಲ್ಲವರ ಭಜನೆ ಮಂಡಳಿ.) ರಾಚಪ್ಪ ನನ್ನ ಮುಖ ನೋಡಿದ. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ. ರಾಚಪ್ಪ ಬೆಲ್ಲ ಕಾಯಿಸಿದ್ದಷ್ಟನ್ನು ಹೇಳಿದ.

"ಬೆಲ್ಲ ಕಾಯಿಸಿದ್ಯಾ? ಕೆಟ್ಟಿತು! ತಣ್ಣೀರಲ್ಲಿ ನೆನೆಹಾಕಬೇಕು, ಬಟ್ಟೇಲಿ ಸೋಸಬೇಕು. ಮೆಣಸು ಪುಡಿ ಮಾಡ್ಬೇಡ, ಜಜ್ಜು. ಶುಂಠಿ ಎರಡು ಚಿಟಿಕೆ, ಏಲಕ್ಕಿ. ನಿಂಬೆಹಣ್ಣು ಕೊನೇಲಿ ಹಿಂಡು."

ಹೇಳುತ್ತಲೇ ಒಂದು ಚೊಂಬು ಮಾಡಿಯೂ ತೋರಿಸಿದರು. ರಾಚಪ್ಪ ಆಸೆಯಿಂದ ಕೈ ಚಾಚಿದ.

"ಏಯ್! ದೇವರ ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕ್ತಾರೇನೋ? ನಾನು ಯಾವತ್ತೂ ರುಚಿ ನೋಡಿದವಳಲ್ಲ. ಕೈಗೆ ಗೊತ್ತಾಗತ್ತೆ. ಅಲ್ಲೂ ಅಷ್ಟೆ, ಮೊದಲನೇ ಲೋಟ ಆಂಜನೇಯನಿಗೆ ಎತ್ತಿಡು."

ರಾಚಪ್ಪನ ಮುಖ ಅರಳಿತು ನೋಡಿ! ರುಚಿ ನೋಡದೆ ಹನ್ನೆರಡು ವರ್ಷ ಕೆಲಸ ಮಾಡಿದವನಿಗೆ, ರುಚಿ ನೋಡದೆ ಇಡೀ ಬೀದಿಯನ್ನು ಗೆದ್ದ ಗುರು ಸಿಕ್ಕಿದ್ದರು.

ಶನಿವಾರ ಸಂಜೆ ನಾನೂ ಕ್ಲಬ್ಬಿಗೆ ಹೋಗಿ ಪ್ಯಾಂಟ್ರಿ ಬಾಗಿಲ ಸಂದಿಯಲ್ಲಿ ನಿಂತೆ. ಬೆಲ್ಲದ ನೀರಿಗೆ ವಿಸ್ಕಿ ಬಿತ್ತು, ಐಸು ಬಿತ್ತು, ಮೇಲೆ ಜಜ್ಜಿದ ಮೆಣಸು. ಮೇಜರ್ ಸಾಹೇಬರು ಒಂದು ಗುಟುಕು ಕುಡಿದರು. ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು. ಇನ್ನೊಂದು ಗುಟುಕು. ಮತ್ತೊಂದು. ರಾಚಪ್ಪ ಒರೆಸಿದ ಗ್ಲಾಸನ್ನೇ ಮತ್ತೆ ಒರೆಸುತ್ತಿದ್ದ. ಸಾಹೇಬರು ಖಾಲಿ ಗ್ಲಾಸು ಮುಂದೆ ತಳ್ಳಿ, "ಇನ್ನೊಂದು!" ಅಂದರು.

ಸದ್ಯ! ಕೆಲಸ ಉಳಿಯಿತು. ಬೊಂಬಾಯಿಯವನು ಬೊಂಬಾಯಿಯಲ್ಲೇ ಇರಲಿ, ಸುಖವಾಗಿರಲಿ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. (ನಾನು ಕುಡಿದೆನೇ ಅಂತ ಕೇಳಬೇಡಿ. ಈ ಅಂಕಣ ನನ್ನ ಹೆಂಡತಿಯೂ ಓದುತ್ತಾಳೆ.)

"ಇದರ ಹೆಸರೇನು?" ಅಂತ ಕೇಳಿದರು ಸಾಹೇಬರು. ರಾಚಪ್ಪನಿಗೆ ಸುಳ್ಳು ಬರುವುದಿಲ್ಲ. "ವೆಂಕಮ್ಮ, ಸರ್," ಅಂದುಬಿಟ್ಟ! ಈಗ ಕ್ಲಬ್ಬಿನ ಮೆನು ಕಾರ್ಡಿನಲ್ಲಿ ನಮ್ಮತ್ತೆ ಇಂಗ್ಲಿಷ್ ಅಕ್ಷರದಲ್ಲಿ ರಾರಾಜಿಸುತ್ತಿದ್ದಾರೆ.

ಸುಳ್ಳು ಬಾರದವರ ಸ್ನೇಹ ಬಲು ಕಷ್ಟ. ಭಾನುವಾರ ಬೆಳಗ್ಗೆಯೇ ಹಣ್ಣು, ಹೂವು ಹಿಡಿದು, ನನ್ನನ್ನೂ ಎಳೆದುಕೊಂಡು ಹೋಗಿ ಅತ್ತೆಯ ಕಾಲಿಗೆ ಬಿದ್ದ. ಬಿದ್ದು ಸುಮ್ಮನಿರಬಾರದೇ? ವಿಸ್ಕಿ, ಮೇಜರ್, ಕಾರ್ಡು, ಎಲ್ಲ ಒದರಿಬಿಟ್ಟ. ನಾನು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದೆ.

ಅತ್ತೆ ಹಣ್ಣು, ಹೂವು ದೇವರ ಮುಂದಿಟ್ಟು ಬಂದರು. ಆಮೇಲೆ ಕೇಳಿದರು: "ಮೊದಲನೇ ಲೋಟ ಎತ್ತಿಟ್ಯಾ?"

"ಇಟ್ಟೆ ಅಮ್ಮಾ. ವಿಸ್ಕಿ ಹಾಕೋಕೆ ಮುಂಚೇನೇ."

"ಹಾಗಾದ್ರೆ ನೀನು ಕೊಟ್ಟದ್ದು ಪ್ರಸಾದ. ಅದಕ್ಕೆ ಏನು ಸೇರಿಸಿಕೊಂಡು ಕುಡಿದ್ರೋ, ಅದು ಅವರವರ ಕರ್ಮ."

ಬದುಕಿದೆವು! ಇಬ್ಬರೂ ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಅತ್ತೆಯ ಧ್ವನಿ, ಈ ಸಲ ನಿಜವಾದ ಸಿಟ್ಟಿನಲ್ಲಿ:

"ಅಲ್ವೋ ರಾಚಪ್ಪಾ, ಅರವತ್ತು ಜನಕ್ಕೆ ಬರೀ ಪಾನಕ ಕೊಟ್ಟು ಕಳಿಸಿದ್ಯಾ, ಕೋಸಂಬರಿ ಇಲ್ದೆ?"