ಅಣ್ಣ ಕೇಳಿದ ಶ್ರುತಿ

ಮೇಲಿನ ಸ್ವರ ಹಿಡಿಯುವಾಗ ಅಣ್ಣನ ಕತ್ತಿನ ಎಡಗಡೆ ನರವೊಂದು ಹುರಿಹಗ್ಗದಂತೆ ಉಬ್ಬುತ್ತಿತ್ತು. ಹಾರ್ಮೋನಿಯಂ ನುಡಿಸುತ್ತಿದ್ದ ನಾನು ಅದು ಇಳಿಯುವವರೆಗೂ ಉಸಿರು ಬಿಡುತ್ತಿರಲಿಲ್ಲ.

ಅಣ್ಣ ಒಂಟಿಕೊಪ್ಪಲಿನಲ್ಲಿ ದರ್ಜಿ. ಸಂಜೆಯಾದರೆ ಬಡಾವಣೆಯ ನಾಟಕ ಸಂಘದ ರಾಜ. ಅಳತೆ ತೆಗೆಯುವಾಗಲೂ ಹಾಡುತ್ತಿದ್ದ. ಕೈ ಎತ್ತಿ ನಿಂತ ಗಿರಾಕಿ ಚರಣ ಮುಗಿಯುವವರೆಗೆ ಇಳಿಸುವಂತಿರಲಿಲ್ಲ. ಶಾಲೆ ಬಿಟ್ಟ ನನ್ನನ್ನು ಹಾರ್ಮೋನಿಯಂ ಮುಂದೆ ಕೂರಿಸಿದವನೂ ಅವನೇ. ನನಗೆ ಸ್ವರಜ್ಞಾನವಿರಲಿಲ್ಲ. ಯಾವ ಹಾಡಿಗೆ ಬೆರಳು ಎಲ್ಲೆಲ್ಲಿ ಹೋಗಬೇಕೆಂದು ಬಾಯಿಪಾಠದಂತೆ ಕಲಿತಿದ್ದೆ, ಅಷ್ಟೇ.

ಆ ವರ್ಷ ದಸರಾ ಕಳೆದ ಮೇಲೆ ಮೂರು ಸಂಗೀತ ನಾಟಕ ಆಡುವುದೆಂದು ಸಂಘದವರು ಗೋಡೆಗಳಿಗೆ ಕಾಗದ ಅಂಟಿಸಿದರು. ಮೂರರಲ್ಲೂ ಅಣ್ಣನೇ ನಾಯಕ. ಅದೇ ವಾರ ಅವನ ಉಗುಳಿನಲ್ಲಿ ರಕ್ತ ಕಂಡಿತು. ಡಾಕ್ಟರು ಹಾಡಲೇಬೇಡಿ ಎಂದರು. ಅಣ್ಣ ಗೋಗರೆದ ಮೇಲೆ, ನಾಟಕದ ದಿನದವರೆಗೆ ಬಾಯಿ ಮುಚ್ಚಿಕೊಂಡಿರಿ, ಆಮೇಲೆ ಕೆಳಗಿನ ಶ್ರುತಿಯಲ್ಲಿ ಹಾಡಿ, ಏರಿಸಿದರೆ ದನಿಯೇ ಹೋಗುತ್ತದೆ ಎಂದರು.

ಸಂಘದ ಕಾರ್ಯದರ್ಶಿಗೆ ತಿಳಿದರೆ ಪಾತ್ರ ಬೇರೆಯವರ ಪಾಲು. ಹಾಗಾಗಿ ತಾಲೀಮಿನಲ್ಲಿ ಅಣ್ಣ ನೆಗಡಿಯೆಂದು ಹೇಳಿ ಬರೀ ತುಟಿ ಅಲ್ಲಾಡಿಸಿದ. ಮನೆಯಲ್ಲಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ:

"ನಾಟಕದ ದಿನ ಶ್ರುತೀನ ಎರಡು ಮನೆ ಇಳಿಸ್ಬುಡು ಕಣೋ. ಯಾರ್ಗೂ ಗೊತ್ತಾಗಲ್ಲ. ಆಗುತ್ತಲ್ವ?"

"ಅದೇನ್ ಮಹಾ. ಆಯ್ತು ಬುಡಣ್ಣ," ಎಂದೆ.

ಆಗುತ್ತಿರಲಿಲ್ಲ. ಎರಡು ಮನೆ ಕೆಳಗಿನಿಂದ ಹಿಡಿದರೆ ಹಾರ್ಮೋನಿಯಂನ ಬಿಳಿ ಕಪ್ಪು ಮನೆಗಳೆಲ್ಲ ಅದಲುಬದಲು. ಅವನು ಅಂಗಡಿಗೆ ಹೋದಾಗ ಕೂತು ಒದ್ದಾಡಿದೆ. ಪಲ್ಲವಿಯಲ್ಲೇ ಬೆರಳು ತೊಡರುತ್ತಿತ್ತು. ನನಗೆ ಬರುವುದಿಲ್ಲ ಎಂದಿದ್ದರೆ ಬೇರೆಯವರನ್ನು ಕರೆಸುತ್ತಿದ್ದ. ಆದರೆ ಹಾರ್ಮೋನಿಯಂ ಮುಂದಿನ ಆ ಕುರ್ಚಿ ಹೋದರೆ ನನ್ನನ್ನು ಮಾತಾಡಿಸುವವರು ಯಾರು ಎಂಬ ಹೆದರಿಕೆ. ದಿನಾ ಊಟಕ್ಕೆ ಕೂತಾಗ ಹೇಳಬೇಕೆಂದುಕೊಂಡು, ಅನ್ನದ ಜೊತೆ ನುಂಗಿದೆ.

ಮೊದಲ ನಾಟಕದ ಸಂಜೆ ಪರದೆ ಎದ್ದಾಗ ನನ್ನ ಕೈ ಹಳೆಯ ಮನೆಗಳಿಗೇ ಹೋಯಿತು. ಅಣ್ಣ ಶ್ರುತಿ ಕೇಳಿದ. ಒಮ್ಮೆ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ, ಅವನಿಗೆ ಎಲ್ಲ ತಿಳಿದುಹೋಗಿತ್ತು. ಆಮೇಲೆ ಹಾಡಿದ. ಕತ್ತಿನ ನರ ಉಬ್ಬಿದ್ದು ಇಳಿಯಲೇ ಇಲ್ಲ. ಮೂರನೇ ಹಾಡಿನ ನಡುವೆ ದನಿ ಬಟ್ಟೆ ಹರಿದಂತೆ ಪರ್ರೆಂದು ಹೋಯಿತು.

ಕಾರ್ಯದರ್ಶಿ ರೇಗಿದಾಗ ಅಣ್ಣ ತನ್ನ ಗಂಟಲನ್ನೇ ಬೆರಳು ಮಾಡಿ ತೋರಿಸಿದ. ಉಳಿದ ಎರಡು ನಾಟಕದಲ್ಲಿ ಬೇರೆಯವರು ಹಾಡಿದರು. ನನ್ನ ಕುರ್ಚಿ ಉಳಿಯಿತು.

ಆಮೇಲೆ ಅವನಿಗೆ ಗಿರಾಕಿಗಳ ಜೊತೆ ಸನ್ನೆಯಲ್ಲೇ ಮಾತು. ಕೈ ಎತ್ತಿದವರು ಅಳತೆಯಾದ ಕೂಡಲೇ ಇಳಿಸುತ್ತಿದ್ದರು.

ಎರಡು ಮನೆ ಕೆಳಗೆ ನುಡಿಸುವುದನ್ನು ಆ ವರ್ಷವೇ ಕಲಿತೆ. ಆದರೆ ಅವನು ಸಾಯುವವರೆಗೂ ಅವನೆದುರು ಒಮ್ಮೆಯೂ ನುಡಿಸಲಿಲ್ಲ. ಅವನು ಅದನ್ನು ಕೇಳಿ, ಹಾಡಲೆಂದು ಬಾಯಿ ತೆರೆದುಬಿಟ್ಟರೆ ಏನು ಮಾಡಲಿ ಎಂದು ಹೆದರಿದ್ದೆ.