ಮೂರು ಬ್ಯಾಗುಗಳ ಕಾವಲು

ಲಂಡನ್ನಿನ ಈ ಕ್ವೀನ್ಸ್‌ಬರಿಯ ಚಳಿಗೆ ತೆಂಗಿನೆಣ್ಣೆ ಶೀಶೆಯಲ್ಲೇ ಗಟ್ಟಿಯಾಗುತ್ತದೆ. ಇವತ್ತು ಬೆಳಿಗ್ಗೆ ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕಳೆದ ಬೇಸಿಗೆಯ ಸಿಟ್ಟೆಲ್ಲ ಮತ್ತೆ ನೆತ್ತಿಗೇರಿತು.

ನಾನು, ನನ್ನ ಗಂಡ, ಹತ್ತು ವರ್ಷದ ಮಗಳು ರಜೆಗೆಂದು ಮೆಕ್ಸಿಕೊಗೆ ಹೋಗಿದ್ದೆವು. ಅಲ್ಲಿ ಸುಣ್ಣಕಲ್ಲಿನ ನೆಲ ತಾನಾಗಿ ಕುಸಿದು ದೊಡ್ಡ ದೊಡ್ಡ ಹೊಂಡಗಳಾಗಿವೆ. ನಮ್ಮೂರ ಬಾವಿಯನ್ನು ಹತ್ತು ಪಟ್ಟು ಅಗಲ ಮಾಡಿ ಮೆಟ್ಟಿಲು ಕಟ್ಟಿದ್ದಾರೆ ಎಂದುಕೊಳ್ಳಿ. ತಳದ ಕಲ್ಲು ಕಾಣುವಷ್ಟು ತಿಳಿನೀರು. ಅದರಲ್ಲಿ ಈಜಬೇಕೆಂದು ತಿಂಗಳುಗಟ್ಟಲೆ ಆಸೆಪಟ್ಟಿದ್ದೆ. ಕುಂದಾಪುರದಲ್ಲಿ ಎರಡು ಒಣ ತೆಂಗಿನಕಾಯಿ ಹೊಟ್ಟೆಗೆ ಕಟ್ಟಿಕೊಂಡು ಮನೆ ಹಿಂದಿನ ಕೆರೆಯಲ್ಲಿ ಈಜು ಕಲಿತವಳು ನಾನು. ಮದುವೆಯಾಗಿ ಲಂಡನ್ನಿಗೆ ಬಂದ ಮೇಲೆ ನೀರಿಗಿಳಿದಿರಲಿಲ್ಲ, ಅಷ್ಟೆ.

ಕೆರೆಗಿಳಿಯುವ ಮೊದಲು ತಲೆಗೆ ಎಣ್ಣೆ ಹಚ್ಚುವುದು ನಮ್ಮ ಮನೆಯ ಕ್ರಮ. ಆ ದಿನವೂ ಹೋಟೆಲಿನ ಕೋಣೆಯಲ್ಲಿ ನೆತ್ತಿಗೆ ತಟ್ಟಿ ತಟ್ಟಿ ಹಚ್ಚಿಕೊಂಡು ಹೊರಟೆ. ನನ್ನ ಬುದ್ಧಿವಂತಿಕೆ ನೋಡಿ. ಹೊಂಡದ ಕಾವಲಿನ ಹೆಂಗಸು ನನ್ನ ತಲೆ ನೋಡಿ, ನೀರಿಗೆ ಎಣ್ಣೆ ತಾಗಬಾರದು, ತೊಳೆದು ಬನ್ನಿ ಎಂದು ಶವರ್ ತೋರಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಹೇಳಿದ್ದು ನ್ಯಾಯವೇ. ಶವರಿನತ್ತ ಹೊರಟವಳನ್ನು ತಡೆದದ್ದು ನಮ್ಮವರು.

"ಆ ಎಣ್ಣಿ ಎಲ್ ಹೋತ್ತ್ ಮಾರಾಯ್ತಿ? ನಿಂಗ್ ಈಜುಕೂ ಬತ್ತಿಲ್ಲ. ಬ್ಯಾಗ್ ಕಾಣ್ಕಂಡ್ ಇಲ್ಲೇ ಕೂಕೋ."

"ಯಾ, ಅಮ್ಮಾ ಕಾಂಟ್ ಸ್ವಿಮ್," ಎಂದಳು ಮಗಳು.

ಹನ್ನೆರಡು ವರ್ಷ ಸಂಸಾರ ಮಾಡಿದ ಮನುಷ್ಯ ಒಂದು ಮಾತು ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದರು. ಅದಕ್ಕಿಂತ ನಾಚಿಕೆಗೇಡೆಂದರೆ, ನಾನು ಕೂತೆ. ಮೂರು ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟೆ. ಅಕ್ಸ್‌ಬ್ರಿಡ್ಜಿನ ಆಫೀಸಿನಲ್ಲಿ ಕುರ್ಚಿ ಬಿಟ್ಟೇಳದ ನಮ್ಮವರು ಲೈಫ್ ಜಾಕೆಟ್ ತೊಟ್ಟು ಬೆಂಡಿನ ಹಾಗೆ ತೇಲುತ್ತ ನನ್ನತ್ತ ಕೈಬೀಸಿದರು. ಮೈಯೆಲ್ಲ ಉರಿಯಿತು. ನೀವೇ ಹೇಳಿ, ಉರಿಯಬಾರದೆ?

ಎಣ್ಣೆ ಕರಗಿತು. ಇವತ್ತು ಶನಿವಾರ, ಮಗಳ ಈಜು ತರಗತಿಯ ದಿನ. ತಲೆಗೆ ಹಚ್ಚದೆ ಶೀಶೆಗೆ ಮುಚ್ಚಳ ಹಾಕಿ ಹಾಗೇ ಎತ್ತಿಟ್ಟೆ. ಮೆಕ್ಸಿಕೊಗೆಂದು ಕೊಂಡು, ಬೆಲೆಚೀಟಿಯನ್ನೂ ಕೀಳದ ಈಜುಡುಗೆಯನ್ನು ಬೀರುವಿನಿಂದ ತೆಗೆದೆ. ತರಗತಿ ಮುಗಿದು ಕೊಳವನ್ನು ಎಲ್ಲರಿಗೂ ಬಿಟ್ಟಾಗ, ಬ್ಯಾಗುಗಳನ್ನು ನಮ್ಮವರ ಮಡಿಲಿಗೆ ಹಾಕಿದೆ.

"ಇದೆಂತ?"

"ಕಾಣ್ಕಂಡ್ ಇಲ್ಲೇ ಕೂಕಣಿ," ಎಂದೆ.

ಕ್ಲೋರಿನ್ ವಾಸನೆಯ ನೀರು; ಆ ಹೊಂಡದ ನೀರೆಲ್ಲಿ, ಇದೆಲ್ಲಿ. ಆದರೂ ಆಳದ ಕಡೆಯಿಂದಲೇ ಇಳಿದೆ. ಆಚೆ ದಡ ಮುಟ್ಟಿ ತಿರುಗಿದಾಗ ಮಗಳು ಬಾಯಿ ತೆರೆದು ನೋಡುತ್ತಿದ್ದಳು. ನಮ್ಮವರು ಬ್ಯಾಗುಗಳ ನಡುವಿನಿಂದ ಕೈಬೀಸಿದರು. ನಾನು ಬೀಸಲಿಲ್ಲ. ವಾಪಸು ಈಜುವುದಿತ್ತು.