ಹಗಲಿನ ಗಾಳಿ ಬಲ್ಲವನು

ನನ್ನ ಗಂಡ ಮುಫರಿಜ್ ಕಡಲ ದಂಡೆಯ ಅಸ್ಕಲಾನ್ ಊರಿನ ಕಣಗಳಲ್ಲಿ ಗೋಧಿ ತೂರುತ್ತಿದ್ದ. ಅವನ ಅಪ್ಪ ಅಜ್ಜ ಮಾಡಿದ್ದೂ ಅದೇ ಕೆಲಸ. ಐದು ಹಲ್ಲಿನ ಒಂದು ಮರದ ಕವೆಗೋಲು, ಒಂದು ಅಗಲ ಮರದ ಸಲಿಕೆ, ಇಷ್ಟೇ ಅವನ ಆಸ್ತಿ. ಕಣಕ್ಕೆ ಹೋದವನು ಮೊದಲು ಒಂದು ಚಿಟಿಕೆ ಹೊಟ್ಟನ್ನು ಎದೆಯೆತ್ತರದಿಂದ ಬಿಡುತ್ತಿದ್ದ. ಅದು ಬಿದ್ದ ಜಾಗ ನೋಡಿ, "ಇನ್ನೊಂದ್ ಗಳಿಗೆ ಕೂತ್ಕೊಳ್ರಪ್ಪಾ, ಬರ್ತಾ ಇದೆ" ಎನ್ನುತ್ತಿದ್ದ. ಅವನು ಹೇಳಿದ ಹೊತ್ತಿಗೇ ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಹದಿನೆಂಟು ಬೇಸಗೆ ಅವನ ಪಕ್ಕದಲ್ಲಿ ಜರಡಿ ಹಿಡಿದು ನಿಂತಿದ್ದೇನೆ. ಎರಡು ಸಲ ಮಾತ್ರ ಅವನ ಅಂದಾಜು ತಪ್ಪಿತು, ಎರಡೂ ಸಲ ಮೋಡವಿತ್ತು.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಏಳುವ ಆ ಗಾಳಿ ಸೂರ್ಯ ಮುಳುಗುವಾಗ ಸಾಯುತ್ತದೆ. ಆಮೇಲೆ ತೂರುವವನಿಗೆ ಕೆಲಸವಿಲ್ಲ. ಮುಫರಿಜ್ ಮನೆಗೆ ಬಂದು, ತಲೆಯ ಹೊಟ್ಟು ಕೊಡವಿಕೊಂಡು, ರೊಟ್ಟಿ ಈರುಳ್ಳಿ ತಿಂದು ಮಲಗಿಬಿಡುತ್ತಿದ್ದ.

ನಾನು ಕೋಟೆಯ ಕಡಲ ಬಾಗಿಲಿನ ಹತ್ತಿರದ ಮೀನುಗಾರರ ಮನೆಯವಳು. ನಮ್ಮವರಿಗೆ ಅನ್ನ ಕೊಡುವುದು ರಾತ್ರಿಯ ಗಾಳಿ. ಊರು ಮಲಗಿದ ಮೇಲೆ ಅದು ಮೂಡಲಿಂದ, ನೆಲದ ಕಡೆಯಿಂದ, ತಣ್ಣಗೆ ಏಳುತ್ತದೆ. ದೋಣಿಗಳು ಅದರ ಜೊತೆ ಹೊರಗೆ ಹೋಗಿ, ಹಗಲಿನ ಗಾಳಿಯಲ್ಲಿ ಮರಳುತ್ತವೆ. ಕಣದವರು ನಮ್ಮನ್ನು ಉಪ್ಪುಗಾಲಿನವರು ಎನ್ನುತ್ತಿದ್ದರು, ನಾವು ಅವರನ್ನು ಹೊಟ್ಟುತಲೆಗಳು ಎನ್ನುತ್ತಿದ್ದೆವು. ಎರಡು ಕಡೆಗೂ ಹೆಣ್ಣು ಕೊಡುವುದು ತರುವುದು ಕಡಿಮೆ. ನನ್ನ ಮದುವೆಯ ದಿನ ನನ್ನ ತಮ್ಮ ಬದ್ರಾನ್ ಮುಫರಿಜನ ತಲೆ ಮೂಸಿ, "ಅಕ್ಕಾ, ಇವನನ್ನ ಕತ್ತೆ ಮುಂದೆ ನಿಲ್ಲಿಸಬೇಡ, ಮೇವು ಅಂದ್ಕೊಳತ್ತೆ" ಎಂದಿದ್ದ. ಮುಫರಿಜ್ ಆ ಮಾತನ್ನು ಮರೆಯಲಿಲ್ಲ. ಕೋಪವೇನೂ ಇರಲಿಲ್ಲ, ತಿರುಗಿ ಕೊಡುವ ದಿನಕ್ಕೆ ಕಾಯುತ್ತಿದ್ದ, ಅಷ್ಟೆ. ಅವರಿಬ್ಬರೂ ಹಾಗೇ.

ಶಿಲುಬೆ ಹೊತ್ತ ಫರಂಗಿಗಳು ಚಳಿಗಾಲದಲ್ಲಿ ದಂಡೆತ್ತಿ ಬಂದು ಊರನ್ನು ಸುತ್ತಿದರು. ಆಮೇಲೆ ಹಡಗಿನ ಮರಗಳನ್ನು ತಂದು ಮೂಡಲ ಗೋಡೆಯ ಎದುರಿಗೆ ಒಂದು ಗೋಪುರ ಕಟ್ಟಿದರು. ಚಕ್ರದ ಮೇಲೆ ನಿಂತದ್ದು, ಹಸಿ ತೊಗಲು ಹೊದ್ದದ್ದು, ನಮ್ಮ ಗೋಡೆಗಿಂತ ಎರಡಾಳು ಎತ್ತರ. ಅದರ ತುದಿಯಲ್ಲಿ ಕುಳಿತವರಿಗೆ ನಮ್ಮ ಮಸೀದಿಯ ಬಾವಿ ಕಾಣುತ್ತಿತ್ತು. ನೀರಿಗೆ ಹೋಗುವ ಹೆಂಗಸರು ತಲೆಯ ಮೇಲೆ ಬಾಗಿಲ ಹಲಗೆ ಹೊತ್ತು ಹೋಗಬೇಕಾಯಿತು. ನನ್ನ ಅತ್ತೆಗೆ ಹಲಗೆ ಹೊರುವ ಶಕ್ತಿ ಇರಲಿಲ್ಲ. ಮುತ್ತಿಗೆಯ ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾವಿಯ ಕಟ್ಟೆಯ ಮೇಲೆ ಬಾಣ ಅವಳ ಕೊರಳಿಗೆ ನಾಟಿತು. ಕೊಡ ಒಡೆಯಲಿಲ್ಲ. ಮುಫರಿಜ್ ಒಂದು ಕೈಯಲ್ಲಿ ಅದನ್ನು ಹಿಡಿದು, ತಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದ.

ಮೂರನೆಯ ದಿನ ಕೋಟೆಯ ನಾಯಕ ಗಂಡಸರನ್ನೆಲ್ಲ ಅದೇ ಬಾವಿಯ ಹತ್ತಿರ, ಗೋಡೆಯ ಮರೆಯಲ್ಲಿ ಕೂಡಿಸಿದ. ಗೋಡೆಗೂ ಗೋಪುರಕ್ಕೂ ನಡುವಿನ ಜಾಗದಲ್ಲಿ ಮೇಲಿನಿಂದ ಮರ ತುಂಬಿ, ಎಣ್ಣೆ ಹೊಯ್ದು, ಕಿಚ್ಚಿಡಬೇಕೆಂದು ಅವನ ಯೋಚನೆ. ಕೇಳಬೇಕಾಗಿದ್ದದ್ದು ಒಂದೇ: ಬೆಂಕಿ ಯಾವ ಕಡೆ ಹೋಗುತ್ತದೆ? ಎಲ್ಲರೂ ಮುಫರಿಜನ ಮುಖ ನೋಡಿದರು. ನಾನು ಕೊಡ ಸೊಂಟದ ಮೇಲಿಟ್ಟುಕೊಂಡು ಹೆಂಗಸರ ಜೊತೆ ನಿಂತಿದ್ದೆ.

"ಮಧ್ಯಾಹ್ನ ಹಚ್ಚಿ. ಸಂಜೆವರೆಗೂ ಗಾಳಿ ಅವರ ಮುಖಕ್ಕೆ ಹೊಡೆಯತ್ತೆ. ನನ್ನ ಅಮ್ಮನ ಆಣೆ" ಎಂದ ಮುಫರಿಜ್.

ಬದ್ರಾನ್ ಹಿಂದಿನಿಂದ ಎದ್ದ. "ಬಾವಾ, ಸಂಜೆ ಹೊತ್ತಿಗೆ ಉರಿದು ಮುಗೀದೇ ಇದ್ರೆ? ರಾತ್ರಿ ನೆಲದ ಗಾಳಿ ಏಳತ್ತೆ. ಆಗ ಬೆಂಕಿ ನಮ್ ಗೋಡೆಗೇ."

"ನೀನು ಹಗಲೆಲ್ಲ ಗೊರಕೆ ಹೊಡಿಯೋನು ಕಣೋ," ಎಂದ ಮುಫರಿಜ್. "ನಿನ್ ಗಾಳಿ ಎದ್ದು ಮುಖ ತೊಳೆಯೋ ಹೊತ್ತಿಗೆ ಫರಂಗಿಗಳು ತಮ್ ಗೋಪುರದ ಬೂದಿಯಲ್ಲಿ ಪಾತ್ರೆ ತಿಕ್ತಾ ಇರ್ತಾರೆ."

ಗಂಡಸರೆಲ್ಲ ನಕ್ಕರು. ನಾಯಕನೂ ನಕ್ಕ. ಏಳು ತಿಂಗಳಿಂದ ಆ ಬಾವಿಯ ಹತ್ತಿರ ಯಾರೂ ನಕ್ಕಿರಲಿಲ್ಲ. ಬದ್ರಾನನೂ ನಕ್ಕುಬಿಟ್ಟ. "ಆಯ್ತಪ್ಪಾ ಹೊಟ್ಟುತಲೆ, ನಾಳೆ ನೋಡೋಣ ನಿನ್ ಬೂದೀನ" ಎಂದು ಕುಳಿತ. ಅಲ್ಲಿಗೆ ತೀರ್ಮಾನವಾಯಿತು.

ಮುಫರಿಜನಿಗೆ ಗೊತ್ತಿದ್ದ ಬೆಂಕಿ ಕಣದ ಬೆಂಕಿ. ಬಣವೆಗೆ ಕಿಡಿ ಬಿದ್ದರೆ ಒಂದು ಕೊಡ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವನು ಮರಕ್ಕೂ ಅದೇ ಅಳತೆ ಹಿಡಿದ. ಜನ ತಂದು ಸುರಿದದ್ದು ಹುಲ್ಲಲ್ಲ. ಅತ್ತಿಯ ಬೊಡ್ಡೆಗಳು, ಗಾಣದ ತೊಲೆಗಳು, ಮನೆಗಳ ಬಾಗಿಲುಗಳು. ಬೇಡವೆಂದಿದ್ದ ಬದ್ರಾನನೇ ತನ್ನ ದೋಣಿ ಒಡೆದು ಹನ್ನೊಂದು ಹಲಗೆ ಕೊಟ್ಟ. ಮುಫರಿಜ್ ನಮ್ಮ ಬಾಗಿಲನ್ನೂ ಸಲಿಕೆಯನ್ನೂ ಕೊಟ್ಟ, ಕವೆಗೋಲು ಮಾತ್ರ ಉಳಿಸಿಕೊಂಡ. "ಮುಂದಿನ ಸುಗ್ಗಿಗೆ ಬೇಕಲ್ಲ" ಎಂದ.

ಮರುದಿನ, ಕಡುಬೇಸಗೆಯ ಆಬ್ ತಿಂಗಳ ಆ ಮಧ್ಯಾಹ್ನ, ಹೊಟ್ಟು ಹಾರಿಸಿ ನೋಡಿ, ಅವನೇ ಕೈಯೆತ್ತಿ ಹೊತ್ತು ಹೇಳಿದ. ಇಳಿಹೊತ್ತಿನ ಅಸರ್ ನಮಾಜಿನವರೆಗೆ ಎಲ್ಲ ಅವನ ಮಾತಿನಂತೆಯೇ ನಡೆಯಿತು. ಉರಿ ಗೋಪುರದ ಮೇಲೆ ಬಾಗಿತು, ಅವರ ಕಡೆ ಕಿರುಚಾಟ ಕೇಳಿತು. ನೆರೆಯವಳೊಬ್ಬಳು ನನ್ನ ಕೈಗೆ ಎರಡು ಒಣ ಅಂಜೂರ ಇಟ್ಟು, "ತಗೊಳವ್ವಾ, ನಿನ್ ಗಂಡನ ಬಾಯಿಗೆ ಹಾಕು" ಎಂದಳು. ಆದರೆ ತೊಗಲು ಹಸಿಯಿತ್ತು, ಬೊಡ್ಡೆ ದಪ್ಪವಿತ್ತು. ಸೂರ್ಯ ಮುಳುಗುವಾಗ ಗೋಪುರಕ್ಕೆ ಅಲ್ಲಲ್ಲಿ ಹತ್ತಿಕೊಂಡಿತ್ತು, ಬಿದ್ದಿರಲಿಲ್ಲ. ಬೊಡ್ಡೆಗಳು ಆಗ ತಾನೇ ಕೆಂಡವಾಗುತ್ತಿದ್ದವು.

ರಾತ್ರಿಯ ಇಶಾ ನಮಾಜು ಮುಗಿಸಿ ನಾನು ಮಾಳಿಗೆಯ ಮೇಲೆ ಕಡಲಿಗೆ ಮುಖ ಮಾಡಿ ನಿಂತಿದ್ದೆ. ಕತ್ತಿನ ಹಿಂಭಾಗ ತಣ್ಣಗಾಯಿತು. ಚಿಕ್ಕಂದಿನಲ್ಲಿ ಆ ತಂಪು ತಗುಲಿದರೆ, ಅಪ್ಪ ದೋಣಿ ನೂಕಿದ ಎಂದು ಹಾಸಿಗೆಯಲ್ಲೇ ತಿಳಿಯುತ್ತಿತ್ತು. ತಿರುಗಿ ನೋಡಿದೆ. ಉರಿ ನೆಟ್ಟಗೆ ನಿಂತಿತ್ತು. ಆಮೇಲೆ ಊರಿನ ಕಡೆ ಬಾಗಿತು.

ಮುಂದಿನದನ್ನು ಮುಫರಿಜ್ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅವನು ಓಡಿ ಹೋಗಿ, ಬೆಂಕಿ ಆರಿಸಿ ಎಂದು ನಾಯಕನ ಕಾಲು ಹಿಡಿದನಂತೆ. "ಗಾಳಿ ಬಲ್ಲವ್ನು ನೀನೇ ಅಲ್ವೇನಯ್ಯಾ?" ಎಂದು ನಾಯಕ ಕಾಲು ಬಿಡಿಸಿಕೊಂಡನಂತೆ. ಬೆಂಕಿ ಇದ್ದದ್ದು ಗೋಡೆಯ ಹೊರಗೆ, ಬುಡದಲ್ಲಿ. ಮೇಲಿನಿಂದ ಕೊಡಗಟ್ಟಲೆ ಸುರಿದ ನೀರು ಅರ್ಧ ದಾರಿಯಲ್ಲೇ ಆವಿಯಾಯಿತು. ಕಲ್ಲಿನೊಳಗೆ ಲಟಲಟ ಸದ್ದು ಶುರುವಾಯಿತು. ಬದ್ರಾನನಿಗೆ ಅದೇ ಗೋಡೆಯ ಮೇಲೆ ಕಾವಲು. ಮುಫರಿಜ್ ಮೆಟ್ಟಿಲ ಬುಡದಿಂದ ಕೂಗಿದ.

"ಇಳಿಯೋ ಬದ್ರಾ, ಗೋಡೆ ನಿಲ್ಲಲ್ಲ."

"ನಾವಿಳಿದ್ರೆ ಅವರು ಹತ್ತುತಾರೆ ಬಾವಾ."

"ನಾನ್ ತಪ್ಪು ಹೇಳ್ದೆ ಕಣೋ."

"ಗೊತ್ತಾಯ್ತು ಹೋಗು. ಮನೆಗೆ ಹೋಗಿ ಮಲ್ಕೋ. ಈಗ ನಮ್ ಹೊತ್ತು."

ಬೆಳಕು ಹರಿಯುವ ಮುಂಚೆ ಗೋಡೆ ಬಿತ್ತು. ಎರಡು ಕೊತ್ತಲಗಳ ನಡುವಿನದು ಅಷ್ಟೂ ಒಟ್ಟಿಗೆ ಕೂತಿತು. ಆ ಬಿರುಕಿನಲ್ಲಿ ನುಗ್ಗಿದ ಫರಂಗಿಗಳನ್ನು ನಮ್ಮವರು ಕೊಂದು, ಉಳಿದ ತೊಲೆಗಳನ್ನು ಅಡ್ಡ ಹಾಕಿ ಮುಚ್ಚಿದರು. ಆದರೆ ಅದಾದ ಮೇಲೆ ಊರು ಹೆಚ್ಚು ದಿನ ನಿಲ್ಲಲಿಲ್ಲ. ಶರಣಾದೆವು. ಹೊರಡುವುದಕ್ಕೆ ಮೂರು ದಿನ ಕೊಟ್ಟರು. ಮೂರು ದಿನವೂ ಮುಫರಿಜ್ ಆ ಕಲ್ಲುಗಳಲ್ಲಿ ಕೈಯಿಂದ ಬಗೆದ. ಕಲ್ಲು ಇನ್ನೂ ಬಿಸಿ ಇತ್ತು. ಬದ್ರಾನನ ಸೊಂಟದ ಚಾಕು ಸಿಕ್ಕಿತು, ಬದ್ರಾನ್ ಸಿಗಲಿಲ್ಲ.

ಈಜಿಪ್ಟಿನ ದಾರಿಯಲ್ಲಿ ನಮ್ಮೂರ ಜನ ನಮ್ಮ ಜೊತೆ ನಡೆಯಲಿಲ್ಲ. ಮರಳಿನಲ್ಲಿ ನೂರು ಹೆಜ್ಜೆ ಹಿಂದೆ ಬರುತ್ತಿದ್ದೆವು. ಅಲ್ಲಿನ ಬಿಲ್ಬೈಸ್ ಊರಿನಲ್ಲಿ ನೆಲೆ ನಿಂತ ಮೇಲೂ ಬೀದಿಯಲ್ಲಿ ಅವನನ್ನು "ಏ ಗಾಳಿಯಪ್ಪಾ, ಇವತ್ತು ಯಾವ ಕಡೆ?" ಎಂದು ಕೂಗುತ್ತಿದ್ದರು. ಅವನು ನಿಂತು ಸಲಾಂ ಹೇಳಿ ಮುಂದೆ ಹೋಗುತ್ತಿದ್ದ. ನಗುವಾಗ ನಾಯಕನೂ ಇದ್ದ ಎಂದು ಒಂದು ದಿನವೂ ಹೇಳಲಿಲ್ಲ. ಅಲ್ಲಿ ಚರ್ಮದ ಚೀಲದಲ್ಲಿ ನೀರು ಹೊತ್ತು ಬದುಕಿದ. ಸುಗ್ಗಿಯಲ್ಲಿ ಕಣದ ಯಜಮಾನರು ಕರೆಯಲು ಬಂದರೆ, "ನನಗೆ ಆ ಕೆಲಸ ಬರಲ್ಲ ಸ್ವಾಮೀ" ಎನ್ನುತ್ತಿದ್ದ. ಗೋಡೆಗೆ ಒರಗಿದ್ದ ಕವೆಗೋಲನ್ನು ಅವರು ನೋಡುತ್ತಿದ್ದರು.

ಒಂದು ಸಲ ಮಾತ್ರ ಊಟ ಮಾಡುತ್ತಾ ಕೇಳಿದ.

"ನೀನೂ ಉಪ್ಪುಗಾಲಿನವಳೇ. ಅವತ್ತು ಬಾವಿ ಹತ್ರ ಯಾಕೆ ಒಂದ್ ಮಾತು ಆಡ್ಲಿಲ್ಲ?"

"ನಾನೂ ನಗ್ತಾ ಇದ್ದೆ" ಎಂದೆ.

ಅವನು ತಲೆಯಾಡಿಸಿ, ತಟ್ಟೆಯಲ್ಲಿದ್ದ ಈರುಳ್ಳಿಯ ಅರ್ಧವನ್ನು ನನ್ನ ಕಡೆ ಸರಿಸಿದ.

ಅಂದಿನಿಂದ ಪ್ರತಿ ರಾತ್ರಿ ಇಶಾ ನಮಾಜಿನ ಮೇಲೆ ಅವನು ಮಾಳಿಗೆ ಹತ್ತುತ್ತಿದ್ದ. ಎಲ್ಲಿಂದಲೋ ಬೇಡಿ ತಂದ ಹೊಟ್ಟು ಒಂದು ಬಟ್ಟೆಯ ಗಂಟಿನಲ್ಲಿರುತ್ತಿತ್ತು. ಒಂದೊಂದೇ ಚಿಟಿಕೆ ಎದೆಯೆತ್ತರದಿಂದ ಬಿಟ್ಟು, ಬಗ್ಗಿ, ಬಿದ್ದ ಜಾಗ ನೋಡುತ್ತಿದ್ದ. ಹನ್ನೊಂದು ವರ್ಷ ಹೀಗೆ ಮಾಡಿದ. ಬಿಲ್ಬೈಸಿನ ರಾತ್ರಿಯ ಗಾಳಿಯನ್ನು ಅವನಷ್ಟು ತಿಳಿದವರು ಇರಲಿಕ್ಕಿಲ್ಲ. ಅದನ್ನು ಅವನಲ್ಲಿ ಕೇಳಲು ಯಾರೂ ಬರಲಿಲ್ಲ. ಬೆಳಿಗ್ಗೆ ನಾನು ಮಾಳಿಗೆ ಗುಡಿಸುತ್ತಿದ್ದೆ.